ಆಟದೊಳಗೊಬ್ಬ ನೀರಗಂಟಿ

ಕಂಪ್ಯೂಟರಿನ ಪರದೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಎತ್ತರ ಹೆಬ್ಬೆರಳಿನಷ್ಟು. ತಲೆಗೆ ಸುತ್ತಿದ ಟವೆಲು, ಮೊಳಕಾಲಿನವರೆಗೆ ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಸನಿಕೆ. ಅವನ ಹಿಂದೆ ಕೆರೆಯ ಏರಿ. ಏರಿಯಾಚೆ ಬೂದುಬಣ್ಣದ ಆಕಾಶ. ನೀರು ಅಲುಗುವುದಿಲ್ಲ, ಹಕ್ಕಿ ಹಾರುವುದಿಲ್ಲ.

ಬ್ಯಾಟರಾಯನಪುರದ ಚಿಕ್ಕ ಬಾಡಿಗೆ ಮನೆಯಲ್ಲಿ, ೨೦೧೬ರ ಆಷಾಢದ ಒಂದು ಬೆಳಗಿನ ಐದು ಗಂಟೆಗೆ, ನಲವತ್ತೊಂದರ ಬಾಲರಾಜ್ ಆ ಚಿತ್ರದ ಮುಂದೆ ಕೂತಿದ್ದಾರೆ. ಏಳಕ್ಕೆ ನೀರಿನ ಟ್ಯಾಂಕರ್ ಹತ್ತಬೇಕು. ಯಲಹಂಕದ ಅಪಾರ್ಟ್‌ಮೆಂಟುಗಳಿಗೆ ದಿನಕ್ಕೆ ಹನ್ನೊಂದು ಲೋಡು. ಅದಕ್ಕೆ ಮುಂಚಿನ ಎರಡು ಗಂಟೆ, ಆರು ವರ್ಷಗಳಿಂದ, ಈ ಕೆಲಸಕ್ಕೇ ಮೀಸಲು.

ಪರದೆಯ ಮೇಲಿರುವುದು ಇಪ್ಪತ್ತು ವರ್ಷ ಹಳೆಯದಾದ ಒಂದು ಸಾಹಸದ ಆಟ. ಆಡುವವರು ಯೋಧ, ಮಾಂತ್ರಿಕ, ಕಳ್ಳ ಎಂಬ ವರ್ಗಗಳಲ್ಲಿ ಒಂದನ್ನು ಆರಿಸಿಕೊಂಡು ಪಯಣ ಹೊರಡಬೇಕು. ಅಭಿಮಾನಿಗಳು ಅದಕ್ಕೆ ಹೊಸ ಪಾತ್ರವರ್ಗಗಳನ್ನು ತಾವೇ ಕಟ್ಟಿ ಜೋಡಿಸುತ್ತಾರೆ. ಅದಕ್ಕೆ ಮಾಡ್ ಎಂದು ಹೆಸರು. ಬಾಲರಾಜ್ ಕಟ್ಟುತ್ತಿರುವುದು ನೀರಗಂಟಿಯನ್ನು: ಕೆರೆಯ ತೂಬೆತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ಊರಾಳನ್ನು. ಸೈಬರ್ ಕೆಫೆ ನಡೆಸುತ್ತಿದ್ದ ದಿನಗಳಲ್ಲಿ ಕಲಿತ ವಿದ್ಯೆ ಇದು. ಮೊಬೈಲ್ ಬಂದು ಕೆಫೆ ಮುಚ್ಚಿತು. ಎಂಟು ಕಂಪ್ಯೂಟರುಗಳಲ್ಲಿ ಒಂದು ಮನೆಗೆ ಬಂತು. ಮಾಡ್‌ನ ಹಿಂದಿನ ಆವೃತ್ತಿಯನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡವರು ಇನ್ನೂರ ಹನ್ನೆರಡು ಮಂದಿ. ಒಬ್ಬರ ಮುಖವನ್ನೂ ಇವರು ಕಂಡಿಲ್ಲ.

"ನಮ್ ಟ್ಯಾಂಕರ್ ಓನರ್ರು ರೇಗಿಸ್ತಾರೆ, 'ಏನ್ ಗುರು, ಈ ವಯಸ್ಸಲ್ಲಿ ಗೇಮಾ?' ಅಂತ. ನಕ್ಕು ಗಾಡಿ ಹತ್ಕೋತೀನಿ," ಎನ್ನುತ್ತಾರೆ ಬಾಲರಾಜ್.

ತಂದೆ ಬ್ಯಾಟರಾಯಪ್ಪ ಬಾಗಲೂರಿನ ಕಡೆಯ ಕೆರೆಯೊಂದರ ಕೊನೆಯ ನೀರಗಂಟಿ. ಆ ಕೆರೆ ಈಗ ಬಡಾವಣೆ. ತೂಬಿನ ಕಲ್ಲು ಯಾರದೋ ಮನೆಯ ತಳಪಾಯದಲ್ಲಿದೆ. ಬ್ಯಾಟರಾಯಪ್ಪನವರ ಗಂಟಲಿನಲ್ಲಿ ಗಡ್ಡೆ ಎದ್ದಿದೆ. ಇವತ್ತೇ ಆಸ್ಪತ್ರೆಗೆ ಸೇರಬೇಕು. ಆಪರೇಷನ್ ಆದ ಮೇಲೆ ದನಿ ಇರುವುದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ಆ ದನಿಯನ್ನು ತನ್ನ ಪಾತ್ರಕ್ಕೆ ತುಂಬಿಕೊಳ್ಳಬೇಕೆಂಬುದು ಮಗನ ಆಸೆ.

ಹೋದ ವಾರ ಕೇಳಿದಾಗ ಮುದುಕರು ಒಪ್ಪಲಿಲ್ಲ. ಆಟದ ನೀರಗಂಟಿ ತೂಬೆತ್ತಿದರೆ ಮೊದಲು ಅವನಿಗೇ ಶಕ್ತಿ ಮರಳುತ್ತಿತ್ತು, ಜೊತೆಗಾರರಿಗೆ ಆಮೇಲೆ.

"ತನ್ ಗದ್ದೆಗೆ ಮೊದ್ಲು ನೀರು ಕಟ್ಕೊಳೋನು ನೀರಗಂಟಿ ಏನ್ಲಾ? ಇವ್ನು ಕಳ್ಳ. ಕಳ್ಳಂಗೆ ನನ್ ಗಂಟ್ಲು ಕೊಡಾಕಿಲ್ಲ, ಓಗು!"

ಕೊನೆಯ ಗದ್ದೆ ನೆನೆದ ಮೇಲೆಯೇ ನೀರಗಂಟಿಯ ಗದ್ದೆ. ಅದು ಕೆರೆಯ ಕಟ್ಟುಪಾಡು. ಆರು ವರ್ಷ ಕಟ್ಟಿದ್ದನ್ನು ಬಾಲರಾಜ್ ಐದು ಬೆಳಗಿನಲ್ಲಿ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಈಗ ತಂದೆ ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾರೆ. ಪರದೆಯಲ್ಲಿ ತೂಬು ಏಳುತ್ತದೆ. ಗಾಯಗೊಂಡ ಜೊತೆಗಾರರು ಒಬ್ಬೊಬ್ಬರಾಗಿ ಚೇತರಿಸಿಕೊಳ್ಳುತ್ತಾರೆ. ತಾನೂ ಗಾಯಗೊಂಡಿದ್ದ ನೀರಗಂಟಿ ತನ್ನ ಸರದಿ ಬರುವ ಮುಂಚೆಯೇ ಕುಸಿಯುತ್ತಾನೆ.

"ಸತ್ತೋದ ಕಣಪ್ಪಾ," ಬಾಲರಾಜ್ ಅಳುಕುತ್ತಾರೆ.

"ಸಾಯ್ಲಿ ಬುಡು. ಕೊನೆಯೋನ್ಗೆ ಸಿಕ್ತಾ?"

"ಸಿಕ್ತು."

"ಅಂಗಾದ್ರೆ ನಮ್ಮೋನೇ. ಎಲ್ಲೈತೆ ನಿನ್ ಮೈಕು?"

ಬ್ಯಾಟರಾಯಪ್ಪ ಗೋಡೆಗೆ ಕೈಯೂರಿ, ಎದೆ ತುಂಬ ಉಸಿರೆಳೆದುಕೊಂಡು ಕೂಗುತ್ತಾರೆ: "ತೂಬು ಎತ್ತತಾ ಇವ್ನೀ! ಕಾಲ್ವೇಲಿರೋರು ಮೇಕ್ ಬನ್ರೋ!"

ಏರಿಯಿಂದ ಕಾಲುವೆಯ ತುದಿಯವರೆಗೆ ಮುಟ್ಟಬೇಕಾದ ಕೂಗು ಅದು. ಪುಟ್ಟ ಮೈಕು ತಾಳಿಕೊಳ್ಳುವುದಿಲ್ಲ. ಧ್ವನಿಮುದ್ರಣದ ತುದಿ ಒಡೆದು ಗೊರಗೊರ ಎನ್ನುತ್ತದೆ. ಇನ್ನೊಂದು ಸಲ ಮೆಲ್ಲಗೆ ಹೇಳಪ್ಪಾ ಎಂದು ಮಗ ಬೇಡುತ್ತಾರೆ.

"ಮೆಲ್ಲುಕ್ ಕೂಗುದ್ರೆ ಕಾಲ್ವೇಲಿ ಆಡೋ ಮಕ್ಳು ಕೊಚ್ಕೊಂಡ್ ಓಗಾಕಿಲ್ವೇನ್ಲಾ?"

ಒಡೆದ ದನಿಯನ್ನೇ ಬಾಲರಾಜ್ ಉಳಿಸಿಕೊಳ್ಳುತ್ತಾರೆ. "ಎಲ್ಲೋ ಯಾವ್ದೋ ದೇಶದಲ್ಲಿ ಒಬ್ರು ಇದನ್ನ ಕೇಳಿ, ಭಾಷೆ ತಿಳೀದಿದ್ರೂ, ಕಾಲುವೆ ಬಿಟ್ಟು ಮೇಲಕ್ ಬಂದ್ರೆ ಸಾಕು. ಇನ್ನೇನೂ ಬೇಡ."

ಆಟೋ ಬಂದಿದೆ. ತಾಯಿ ಮುನಿಯಲ್ಲಮ್ಮ ಬಟ್ಟೆಯ ಚೀಲ ಹಿಡಿದು ಆಗಲೇ ಮೆಟ್ಟಿಲಿಳಿದಿದ್ದಾರೆ. ಮೊದಲ ಲೋಡು ಮುಗಿಸಿ ಮಗ ಆಸ್ಪತ್ರೆಗೆ ಬರುವುದೆಂದು ಮಾತಾಗಿದೆ. ಬ್ಯಾಟರಾಯಪ್ಪ ಹೊಸ್ತಿಲಲ್ಲಿ ತಿರುಗಿ ಏನನ್ನೋ ಹೇಳಲು ಬಾಯಿ ತೆರೆಯುತ್ತಾರೆ. ಕೂಗಿದ ಗಂಟಲು ಪೂರ್ತಿ ಕೂತುಹೋಗಿದೆ, ಬರೀ ಗಾಳಿ. ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಾರೆ. ಅವರ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.