ಎಂಟು ಮಂದಿಯ ಕ್ವಾಲಿಸ್

ಬೆಟಗೇರಿಯ ಆ ನೇಕಾರರ ಓಣಿಗೆ ಹೋದವರು ಶೇಖವ್ವನ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಓಣಿಯ ಬಾಯಿಯಲ್ಲೇ ಹಳೆಯದೊಂದು ಕ್ವಾಲಿಸ್ ಗಾಡಿ ನಿಂತಿರುತ್ತದೆ. ಅದರ ಎದುರಿನ ಬಾಗಿಲೇ ಅವಳದು. ಒಂದು ಕಾಲಕ್ಕೆ ಗಾಡಿಯ ಬಣ್ಣ ಬೆಳ್ಳಿಯ ಹಾಗಿತ್ತೆಂದು ಅವಳು ಹೇಳುತ್ತಾಳೆ. ಈಗ ವರ್ಷಗಟ್ಟಲೆ ತಿಕ್ಕಿದ ಅಲ್ಯೂಮಿನಿಯಂ ಬೋಗುಣಿಯಂತೆ ಮಂಕಾಗಿದೆ. ನೆತ್ತಿಯ ಮೇಲೆ ಸೀರೆಯ ಗಂಟುಗಳನ್ನು ಬಿಗಿಯಲು ಕಬ್ಬಿಣದ ಚೌಕಟ್ಟು ಇದೆ. ಒಳಗೆ ಸವೆದ ಸೀಟುಗಳ ಮೇಲೆ ಮನೆಯಲ್ಲೇ ನೇಯ್ದ ಹೊದಿಕೆ ಇದೆ. ಗಾಡಿ ಹುಟ್ಟಿ ಇಪ್ಪತ್ತು ವರ್ಷ ದಾಟಿತು.

ಇದನ್ನು ಕೊಟ್ಟು ಹೊಸದೊಂದು ಸಣ್ಣ ಕಾರು ತರಬೇಕೆಂದು ಮಗ ಫಕೀರೇಶ ಹಟ ಹಿಡಿದ. ಕೊಡುವುದಿಲ್ಲವೆಂದು ತಾಯಿ ಅವನಿಗಿಂತ ದೊಡ್ಡ ಹಟ ಹಿಡಿದಳು. ಗಂಡ ಪುಂಡಲೀಕಪ್ಪ ಮಾತ್ರ ಈ ಜಗಳದಲ್ಲಿ ತಲೆ ಹಾಕಲಿಲ್ಲ. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಕುಳಿತರೆ ಲಾಳಿಯ ಸದ್ದಿನಲ್ಲಿ ಯಾರ ಮಾತೂ ಅವನಿಗೆ ಕೇಳಿಸುತ್ತಿರಲಿಲ್ಲ. ಕೇಳಿಸಬಾರದೆಂದು ಅನ್ನಿಸಿದಾಗ ಅವನು ಇನ್ನಷ್ಟು ಜೋರಾಗಿ ನೇಯುತ್ತಿದ್ದ.

ಆ ಗಾಡಿಯಲ್ಲಿ ಅಂಥದೇನಿದೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಶೇಖವ್ವ ಶಿಗ್ಲಿಯ ಹೆಣ್ಣುಮಗಳು. ಮದುವೆಯಾಗಿ ಬೆಟಗೇರಿಗೆ ಬಂದಾಗ ಓಣಿಯ ಮನೆಮನೆಯಲ್ಲೂ ಮಗ್ಗವಿತ್ತು. ಆದರೆ ನೇಯ್ದ ಸೀರೆ ಮನೆಯದಾಗಿರಲಿಲ್ಲ. ಸಾವಕಾರ ನೂಲು ಕೊಡುತ್ತಿದ್ದ, ಸೀರೆ ಒಯ್ಯುತ್ತಿದ್ದ, ಮಜೂರಿ ಕೊಡುತ್ತಿದ್ದ. ಆ ಓಣಿಯ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು. ಸೀರೆ ಮಗ್ಗದಿಂದ ಇಳಿಯುವ ಮುನ್ನ ನೇಯ್ದವಳು ಸೆರಗಿನ ಒಳಮೂಲೆಯಲ್ಲಿ ಬಣ್ಣದ ದಾರದ ಒಂದು ಸಣ್ಣ ಕುಚ್ಚು ಬಿಡುತ್ತಿದ್ದಳು. ಒಬ್ಬಳದು ಹಸಿರು, ಒಬ್ಬಳದು ಕೆಂಪು, ಒಬ್ಬಳದು ಎರಡು ಬಣ್ಣ ಹೊಸೆದದ್ದು. ಶೇಖವ್ವನದು ಅರಿಸಿನ ಬಣ್ಣದ್ದು.

ಒಮ್ಮೆ ಮುಂಡರಗಿಯಲ್ಲಿ ನೆಂಟರ ಮದುವೆಗೆ ಹೋದಾಗ, ಪಂಕ್ತಿಯಲ್ಲಿ ಮಗ್ಗುಲಲ್ಲಿ ಕುಳಿತ ಹೆಂಗಸು ಉಟ್ಟಿದ್ದ ಚೌಕುಳಿಯ ಸೀರೆಯನ್ನು ನೋಡಿ ಶೇಖವ್ವನ ತುತ್ತು ಕೈಯಲ್ಲೇ ಉಳಿಯಿತು. ಆ ಅಂಚು ಅವಳದೇ ಕೈಯದು. ಸೀರೆ ಯಾರು ನೇಯ್ದದ್ದೆಂದು ಕೇಳಿದಳು. ಆ ಹೆಂಗಸು ಯಾವುದೋ ಅಂಗಡಿಯ ಹೆಸರು ಹೇಳಿದಳು. ಶೇಖವ್ವ ನಯವಾಗಿ ಸೆರಗು ತಿರುವಿ ನೋಡಿದಳು. ಕುಚ್ಚು ಇದ್ದ ಜಾಗದಲ್ಲಿ ಕತ್ತರಿ ಆಡಿಸಿದ ಗುರುತು ಮಾತ್ರ ಇತ್ತು.

ಅಂದು ಊಟ ಬಿಟ್ಟು ಎದ್ದವಳು, ತನ್ನ ಸೀರೆಯನ್ನು ತಾನೇ ಮಾರುತ್ತೇನೆಂದು ಗಂಡನಿಗೆ ಹೇಳಿದಳು. ಗಂಟು ಹೊತ್ತು ಬಸ್ಸಿನಲ್ಲಿ ಲಕ್ಷ್ಮೇಶ್ವರಕ್ಕೆ ಹೋದಳು, ಶಿರಹಟ್ಟಿಗೆ ಹೋದಳು. ಗಂಟಿಗೂ ಟಿಕೀಟು ತೆಗೆಸೆಂದ ಕಂಡಕ್ಟರನ ಜೊತೆ ಜಗಳವಾಡಿದಳು. ಅವಳನ್ನು ನೋಡಿ ನೆರೆಮನೆಯ ಮೋತಿಬಿ ಹೊರಟಳು, ಮೋತಿಬಿಯನ್ನು ನೋಡಿ ಫಕ್ಕೀರವ್ವ ಹೊರಟಳು. ಎಂಟು ಹೆಂಗಸರಾದರು. ಎಂಟು ಹೆಂಗಸರು, ಎಂಟು ಗಂಟು. ಬಸ್ಸಿನವರು ಅವರನ್ನು ದೂರದಿಂದ ಕಂಡರೆ ನಿಲ್ಲಿಸುವುದನ್ನೇ ಬಿಟ್ಟರು.

ಹುಲಕೋಟಿಯ ರೈತರೊಬ್ಬರು ತಮ್ಮ ಕ್ವಾಲಿಸ್ ಮಾರುತ್ತಾರೆಂಬ ಸುದ್ದಿ ಬಂದದ್ದು ಆ ದಿನಗಳಲ್ಲಿ. ಅವರು ಅದನ್ನು ಎತ್ತು ಸಾಕಿದಂತೆ ಸಾಕಿದ್ದರು. ಶೇಖವ್ವ ಎಂಜಿನ್ನು ನೋಡಲಿಲ್ಲ, ಚಕ್ರ ನೋಡಲಿಲ್ಲ. ತನ್ನ ಜೊತೆಯವರನ್ನೆಲ್ಲ ಕರೆದೊಯ್ದು ಒಳಗೆ ಕೂರಿಸಿ ನೋಡಿದಳು. ಮುಂದೆ ಇಬ್ಬರು, ನಡುವೆ ಮೂವರು, ಹಿಂದೆ ಎದುರುಬದುರು ಉಳಿದವರು. ಹಿಂದಿನವರ ಮೊಣಕಾಲಿಗೆ ಮೊಣಕಾಲು ತಾಗಿತು. ಆದರೂ ಎಲ್ಲರೂ ಹಿಡಿಸಿದರು. ಅಷ್ಟೇ ಪರೀಕ್ಷೆ. ಗಾಡಿ ಬೆಟಗೇರಿಗೆ ಬಂತು.

ನಡೆಸಲು ಕಲಿಸಿದವನು ಗ್ಯಾರೇಜಿನ ಜಾವೀದ. ಊರ ಹೊರಗಿನ ಬಯಲಿನಲ್ಲಿ ಮೊದಲ ವಾರವೆಲ್ಲ ಗಾಡಿ ಕುಂಟುವ ಕುದುರೆಯಂತೆ ಜಿಗಿಯಿತು. ಕಾರಣ ಕೊನೆಗೆ ಜಾವೀದನಿಗೇ ಹೊಳೆಯಿತು. ಮಗ್ಗದ ಕೆಳಗಿನ ಹಲಗೆಗಳನ್ನು ತುಳಿದ ಕಾಲು ಅವಳದು; ಒಂದು ಕಾಲು ಇಳಿದರೆ ಇನ್ನೊಂದು ತಾನಾಗಿ ಏಳುತ್ತಿತ್ತು. ಕ್ಲಚ್ಚು ಒತ್ತಿದಾಗ ಬ್ರೇಕು ಬಿಡುತ್ತಿದ್ದಳು, ಬ್ರೇಕು ಒತ್ತಿದಾಗ ಕ್ಲಚ್ಚು ಬಿಡುತ್ತಿದ್ದಳು.

"ಶೇಖಕ್ಕಾ, ಇದು ಸೀರಿ ನೇಯೂದಲ್ಲ, ಎರಡೂ ಕಾಲು ಒಮ್ಮೆ ಒತ್ತಬೇಕು," ಎಂದು ಜಾವೀದ ತಲೆ ಚಚ್ಚಿಕೊಂಡ.

"ಎರಡೂ ಒಮ್ಮೆ ಒತ್ತಿದರ ಮಗ್ಗ ನಿಂತುಬಿಡತೈತಲ್ಲೋ," ಎಂದಳು ಶೇಖವ್ವ.

"ಅದ ಬೇಕಾಗೇತಿ ನಮಗ. ಗಾಡಿ ನಿಲ್ಲಬೇಕಾಗೇತಿ."

ಆ ಜಾವೀದನೇ ಮುಂದೊಮ್ಮೆ ಮೊಬೈಲಿನಲ್ಲಿ ಓದಿ ಅವಳಿಗೊಂದು ಕಥೆ ಹೇಳಿದ. ಕ್ವಾಲಿಸ್ ಮಾಡಿದ ಈ ಟೊಯೊಟಾ ಕಂಪನಿಯ ಮೂಲಪುರುಷ ಕಾರು ಮಾಡಿದವನೇ ಅಲ್ಲವಂತೆ. ಜಪಾನಿನ ಹಳ್ಳಿಯೊಂದರ ಬಡಗಿಯ ಮಗನಂತೆ. ತಾಯಿ ಮಗ್ಗದ ಮುಂದೆ ದಣಿಯುವುದನ್ನು ನೋಡಲಾರದೆ ಹೊಸ ಬಗೆಯ ಕಟ್ಟಿಗೆಯ ಮಗ್ಗ ಮಾಡಿದನಂತೆ. ಬರುಬರುತ್ತ, ನೂಲು ಕಡಿದೊಡನೆ ತಾನೇ ನಿಂತುಬಿಡುವ ಮಗ್ಗವನ್ನೂ ಮಾಡಿದ; ಅದು ಲೋಕಪ್ರಸಿದ್ಧವಾಯಿತು. ಮಗ್ಗದ ಆ ಕಾರ್ಖಾನೆಯಲ್ಲಿಯೇ ಅವನ ಮಗ ಕಾರಿನ ಕೆಲಸ ಆರಂಭಿಸಿದ. ಶೇಖವ್ವ ಈ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿದಳು. ಮನೆಗೆ ಬಂದು ಗಂಡನಿಗೆ ಹೇಳಿದಳು. ಪುಂಡಲೀಕಪ್ಪ ಲಾಳಿ ನಿಲ್ಲಿಸಿ, ಹಾಗಾದರೆ ಗಾಡಿ ನಮ್ಮ ಪೈಕಿಯೇ ಆಯಿತೆಂದು ಸಮಾಧಾನಪಟ್ಟ. ಅಂದಿನಿಂದ ಅಮಾವಾಸ್ಯೆಯ ದಿನ ಮಗ್ಗದಂತೆ ಗಾಡಿಗೂ ರಜೆ ಸಿಕ್ಕಿತು.

ಕಥೆಯ ಉಳಿದ ಭಾಗ ಅವಳಿಗೆ ಹಿಡಿಸಲಿಲ್ಲ. ಕ್ವಾಲಿಸ್ ಎರಡು ಸಾವಿರದ ಇಸವಿಯಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬಿತ್ತು. ಪೆಟ್ಟಿಗೆಗೆ ಚಕ್ರ ಹಚ್ಚಿದಂತಿದೆಯೆಂದು ನಕ್ಕವರೇ ಆಮೇಲೆ ಸಾಲುಗಟ್ಟಿ ಕೊಂಡರು. ಬಾಡಿಗೆಯವರು ಕೊಂಡರು, ದೊಡ್ಡ ಮನೆತನದವರು ಕೊಂಡರು. ಹೀಗೆ ಓಡುತ್ತಿರುವಾಗಲೇ, ಐದು ವರ್ಷ ತುಂಬುವ ಹೊತ್ತಿಗೆ, ಬೇರೆ ಗಾಡಿ ತರುತ್ತೇವೆಂದು ಕಂಪನಿಯವರು ಇದನ್ನು ನಿಲ್ಲಿಸಿಬಿಟ್ಟರು.

"ನೂಲು ಕಡದಾಗ ನಿಲ್ಲೂ ಮಗ್ಗ ಮಾಡಿದ ಮನಿತಾನ ಅದು. ಕಡೀಲಾರದ ನಡಿಯೂದನ್ನ ಯಾಕ ನಿಲ್ಲಿಸಿದರು?" ಎಂದು ಶೇಖವ್ವ ಕೇಳಿದಳು. ಕಂಪನಿ ನಿಲ್ಲಿಸಿದರೂ ತಾನು ನಿಲ್ಲಿಸುವುದಿಲ್ಲವೆಂದು ಅವಳು ಜಾವೀದನೆದುರಿಗೇ ಹೇಳಿದಳು.

ಯಾರಾದರೂ ಗಾಡಿ ಹೇಗಿದೆ ಎಂದು ಕೇಳಿದರೆ ಅವಳು ಬರೀ ಹೊಗಳುವುದಿಲ್ಲ. ಸಂದಿಯಲ್ಲಿ ತಿರುಗಿಸಬೇಕಾದರೆ ರಟ್ಟೆ ನೋಯುತ್ತದೆ, ಹಿಂದೆ ಕುಳಿತವರಿಗೆ ಕುಲುಕು ಹೆಚ್ಚು ಎನ್ನುತ್ತಾಳೆ. ಆದರೆ ಕಪ್ಪತಗುಡ್ಡದ ಮಗ್ಗುಲಿನ ಏರಿನಲ್ಲಿ, ಒಳಗೆ ಎಂಟು ಮಂದಿ, ಮೇಲೆ ಎಂಟು ಗಂಟು ಹೊತ್ತುಕೊಂಡು ಅದು ಗೊಣಗದೆ ಹತ್ತುತ್ತದೆಂದು ಹೇಳುವಾಗ, ಸ್ವಂತ ಸೊಸೆಯನ್ನು ಹೊಗಳುವಷ್ಟು ಹೆಮ್ಮೆ ಅವಳ ದನಿಯಲ್ಲಿರುತ್ತದೆ.

ಹೋದ ಬೇಸಿಗೆಯಲ್ಲಿ ಒಂದು ಪ್ರಸಂಗ ನಡೆಯಿತು. ಮಗ್ಗದಲ್ಲಿ ಎಳೆ ಕಡಿದರೆ ನೇಕಾರರು ಗಂಟು ಹಾಕಿ ಮುಂದುವರಿಯುತ್ತಾರೆ. ಕೈಯ ಆ ಗುಣವನ್ನು ಶೇಖವ್ವ ಗಾಡಿಗೂ ಹಚ್ಚಿದ್ದಳು. ಸಡಿಲಾದ ನೀರಿನ ಕೊಳವೆಗೆ ಹುರಿ ಸುತ್ತಿದಳು, ಜೋತ ತಂತಿಗೆ ರೇಷ್ಮೆಯ ಗಂಟು ಹಾಕಿದಳು. ಗ್ಯಾರೇಜಿಗೆ ಹೋಗುವುದು ಮುಂದೆ ಬಿತ್ತು. ಶಿರಹಟ್ಟಿಯ ಹಾದಿಯಲ್ಲಿ ಮಟಮಟ ಮಧ್ಯಾಹ್ನ ಆ ಕೊಳವೆ ಬಿಚ್ಚಿಕೊಂಡು, ಎಂಜಿನ್ನು ಕುದಿದು ಗಾಡಿ ನಿಂತಿತು. ಎಂಟು ಹೆಂಗಸರು ರಸ್ತೆಯ ಬದಿ ಜಾಲಿಯ ನೆರಳಿಗೆ ಕುಳಿತರು. ಜಾವೀದ ಬಂದು ಎಲ್ಲ ಗಂಟು ಬಿಚ್ಚಿ, ಬಯ್ಯುತ್ತಲೇ ಹೊಸ ಸಾಮಾನು ಹಾಕಿದ. ತಪ್ಪು ತನ್ನದು, ಗಾಡಿಯದಲ್ಲವೆಂದು ಶೇಖವ್ವ ಒಪ್ಪಿಕೊಂಡಳು. ಆದರೆ ಗದಗದ ಬೀಜದಂಗಡಿಯಲ್ಲಿ ಕೆಲಸ ಮಾಡುವ ಫಕೀರೇಶ, ಸುದ್ದಿ ತಿಳಿದು ಅಲ್ಲಿಗೆ ಓಡಿ ಬಂದಾಗ, ತಾಯಿ ಬಿಸಿಲಿಗೆ ಮುಖ ಕೆಂಪಗಾಗಿ ಕುಳಿತಿದ್ದುದನ್ನು ಕಂಡಿದ್ದ. ಅವನ ಹಟ ಹುಟ್ಟಿದ್ದು ಅಲ್ಲಿಂದ. ಅದು ಪ್ರೀತಿಯ ಹಟವೇ. ಆದರೂ ಅವನು ತಾಯಿಯನ್ನು ಕೇಳದೆ ಹುಬ್ಬಳ್ಳಿಯ ಷೋರೂಮಿನವರ ಜೊತೆ ಮಾತಾಡಿ ಬಂದ.

ಲಕ್ಷ್ಮೇಶ್ವರದ ಸಂತೆಯ ದಿನ ಬೆಳಿಗ್ಗೆ ಷೋರೂಮಿನ ಮನುಷ್ಯ ಓಣಿಗೆ ಬಂದ. ಅಷ್ಟು ಹೊತ್ತಿಗೆ ಹೆಂಗಸರೆಲ್ಲ ಗಾಡಿ ಹತ್ತಿ ಕುಳಿತಾಗಿತ್ತು. ಅವರು ಒಂದು ಗಳಿಗೆ ಇಳಿಯಬೇಕು, ಗಾಡಿ ತೋರಿಸಬೇಕಾಗಿದೆ ಎಂದು ಫಕೀರೇಶ ಕೇಳಿಕೊಂಡ. ಯಾರೂ ಮಿಸುಕಲಿಲ್ಲ.

"ಕುಂತೋರ ಕೂಡೇ ನೋಡ್ರಿ. ಎಷ್ಟು ಭಾರ ತಡೀತೈತಿ ಅಂಬೂದೂ ಗೊತ್ತಾಗತೈತಿ," ಎಂದಳು ಹಿಂದಿನಿಂದ ಫಕ್ಕೀರವ್ವ. ಅವಳು ಓಣಿಯಲ್ಲೇ ದಪ್ಪನೆಯ ಹೆಂಗಸು.

ಆ ಮನುಷ್ಯ ಮರ್ಯಾದಸ್ಥ. ಗಾಡಿಯ ಸುತ್ತ ತಿರುಗಿ ನೋಡಿದ, ಬಾನೆಟ್ಟು ಎತ್ತಿ ನೋಡಿದ. ಆಮೇಲೆ ಹೊಸ ಕಾರಿನ ಚಿತ್ರ ತೋರಿಸಿ ಶೇಖವ್ವನಿಗೆ ಅದರ ಗುಣಗಳನ್ನು ಬಣ್ಣಿಸಿದ. ತಂಪು ಗಾಳಿ, ಹಗುರಾದ ಸ್ಟೇರಿಂಗು, ಐದು ಮಂದಿ ಆರಾಮಾಗಿ ಕೂರಬಹುದು.

"ಉಳಿದ ಮೂರು ಮಂದಿ?" ಎಂದು ಶೇಖವ್ವ ಕೇಳಿದಳು.

ಅವನ ಮನಸ್ಸು ಮೇಲಿನ ಗಂಟುಗಳ ಮೇಲಿತ್ತು. "ಅದಕ್ಕೇನ್ರಿ ಅಮ್ಮಾರ, ಹಿಂದ ಡಿಕ್ಕಿ ಭಾಳ ದೊಡ್ಡದೈತಿ," ಎಂದುಬಿಟ್ಟ.

ಗಾಡಿಯೊಳಗೆ ನಗೆ ಎದ್ದಿತು. ಡಿಕ್ಕಿಯಲ್ಲಿ ಯಾರು ಕೂರಬೇಕೆಂದು ಅಲ್ಲಿಯೇ ಪಂಚಾಯಿತಿ ನಡೆಯಿತು; ಫಕ್ಕೀರವ್ವನ ಹೆಸರು ಮುಂದೆ ಬಂದು, ಹಿಡಿಸುವುದಿಲ್ಲವೆಂದು ಬಿದ್ದುಹೋಯಿತು. ಆ ಮನುಷ್ಯನೂ ನಕ್ಕ. ದೊಡ್ಡ ಗಾಡಿಗಳೂ ಇವೆಯೆಂದ. ಅವು ಈ ಮನೆಯ ಕೈಗೆ ಎಟುಕುವಂಥವಲ್ಲವೆಂದು ಫಕೀರೇಶನೇ ತಡೆದ. ಗಾಡಿಯ ಕಾಗದಪತ್ರ ಸರಿಯಾಗಿವೆ, ತಪಾಸಣೆಯಲ್ಲಿ ಪಾಸಾಗಿದೆ, ಓಡಬಾರದೆಂದು ಕಾಯಿದೆ ಹೇಳಿದ ದಿನ ತಾನೇ ತಂದು ನಿಲ್ಲಿಸುತ್ತೇನೆ ಎಂದು ಶೇಖವ್ವ ಹೇಳಿ ಚಾವಿ ತಿರುವಿದಳು. ಮಧ್ಯಾಹ್ನದೊಳಗೆ ಫೋನು ಮಾಡಿ ಕೇಳುತ್ತೇನೆಂದು ಆ ಮನುಷ್ಯ ಫಕೀರೇಶನಿಗೆ ತಿಳಿಸಿದ. ಫಕೀರೇಶ ಮುಖ ಗಂಟು ಹಾಕಿಕೊಂಡು, ಮೋಟರ್ ಸೈಕಲ್ಲಿನಲ್ಲಿ ಗಾಡಿಯ ಹಿಂದೆಯೇ ಹೊರಟ. ಇಂದು ತಾಯಿಯನ್ನು ಒಪ್ಪಿಸಿಯೇ ತೀರುವುದು ಅವನ ವಿಚಾರ.

ಲಕ್ಷ್ಮೇಶ್ವರದ ಸಂತೆಯಲ್ಲಿ ತಾಡಪತ್ರಿಯ ನೆರಳಿನಲ್ಲಿ ಎಂಟೂ ಮಂದಿ ಸಾಲಾಗಿ ಕೂರುತ್ತಾರೆ. ಒಬ್ಬಳ ಸೀರೆಯನ್ನು ಇನ್ನೊಬ್ಬಳು ಮಾರುವುದಿಲ್ಲ. ಗಿರಾಕಿ ಸೆರಗಿನ ಕುಚ್ಚು ನೋಡಿ ನೇಯ್ದವಳನ್ನು ಹುಡುಕಿಕೊಂಡು ಬರುತ್ತಾಳೆ. ಅಂದೂ ಹಾಗೆಯೇ ಹಳ್ಳಿಯ ಹೆಂಗಸೊಬ್ಬಳು, ಹಸಿರು ಕುಚ್ಚಿನಾಕೆ ಎಲ್ಲಿ ಎಂದು ಕೇಳುತ್ತ ಬಂದಳು. ಮೋತಿಬಿ ಕೈ ಎತ್ತಿ, ನೇಯ್ದಾಕಿ ನಾನೇ ಎಂದಳು. ಹಿರಿಯ ಮಗಳ ಮದುವೆಗೆ ಒಯ್ದ ಸೀರೆ ಇನ್ನೂ ಗಟ್ಟಿಯಾಗಿದೆ, ಈಗ ಕಿರಿಯವಳಿಗೂ ಆ ಕೈಯದೇ ಬೇಕೆಂದು ಆ ಹೆಂಗಸು ಕುಳಿತಳು.

ಅದೇ ಹೊತ್ತಿಗೆ ಪೇಟೆಯ ಅರಿವೆ ವ್ಯಾಪಾರಿಯೊಬ್ಬ ಬಂದು ಫಕೀರೇಶನ ಹೆಗಲ ಮೇಲೆ ಕೈಯಿಟ್ಟ. ಗಂಡಸೆಂದರೆ ಅವನೊಬ್ಬನೇ ಅಲ್ಲಿದ್ದದ್ದು. ಮಾಲೀಕ ಇವನೇ ಎಂದು ವ್ಯಾಪಾರಿ ತಿಳಿದಿರಬೇಕು. ವಾರವಾರ ಎಲ್ಲ ಸೀರೆಯನ್ನೂ ತಾನೇ ಒಟ್ಟಿಗೆ ಕೊಳ್ಳುತ್ತೇನೆಂದ. ಇಷ್ಟು ಮಂದಿ ಬಿಸಿಲಿಗೆ ಬರುವುದೇ ಬೇಡ. ಅವರು ಮನೆಯಲ್ಲಿ ನೇಯಲಿ, ಒಬ್ಬರು ಸಣ್ಣ ಗಾಡಿಯಲ್ಲಿ ತಂದು ಹಾಕಿ ಹೋದರೆ ಸಾಕು.

ಶೇಖವ್ವ ಸೀರೆ ಮಡಿಸುತ್ತಿದ್ದ ಕೈ ನಿಲ್ಲಿಸಿದಳು. ಅವಳು ವ್ಯಾಪಾರಿಯನ್ನು ನೋಡಲಿಲ್ಲ, ಮಗನನ್ನು ನೋಡಿದಳು. ಅವನಿಗೆ ಬೇಕಾದ ಮಾತೇ ಬೇರೆಯವರ ಬಾಯಿಂದ ಬಂದಿತ್ತು. ಇವನು ಹೂಂ ಎಂದರೆ ಸಾಯಂಕಾಲಕ್ಕೆ ಓಣಿಯಲ್ಲಿ ಹೊಸ ಸಾವಕಾರ ಹುಟ್ಟುತ್ತಾನೆ. ಅವನು ಬೇರೆ ಯಾರೂ ಅಲ್ಲ, ತನ್ನ ಹೊಟ್ಟೆಯ ಮಗ.

"ಒಂದ ಮಾತು," ಎಂದ ವ್ಯಾಪಾರಿ. "ಆ ಕುಚ್ಚು ಮಾತ್ರ ಕತ್ತರಿಸಿ ಕೊಡ್ರಿ. ನಮ್ಮ ಅಂಗಡಿ ಚೀಟಿ ಹಚ್ಚಬೇಕಾಗತೈತಿ."

ಫಕೀರೇಶ ಮೋತಿಬಿಯ ಕಡೆಗೆ ತಿರುಗಿ ನೋಡಿದ. ಅವಳು ಗಿರಾಕಿಯ ಅಂಗೈಯಲ್ಲಿ ಸೆರಗು ಇಟ್ಟು, ಅಂಚು ಕೂಡಿಸಿದ ಬಗೆಯನ್ನು ತೋರಿಸುತ್ತಿದ್ದಳು. ಹೆಂಗಸರಿಬ್ಬರೂ ಒಕ್ಕಲಗಿತ್ತಿಯರು ಬೆಳೆ ನೋಡುವಂತೆ ಬಗ್ಗಿ ನೋಡುತ್ತಿದ್ದರು. ಅವನು ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿದ.

"ಮಾಲ್ಕರು ನಾನಲ್ರಿ. ಎಂಟೂ ಮಂದಿ ಅಲ್ಲೆ ಕುಂತಾರ, ಅವರನ್ನ ಕೇಳ್ರಿ," ಎಂದ.

ವ್ಯಾಪಾರಿ ಅವರನ್ನು ಕೇಳುವ ಮೊದಲೇ ಶೇಖವ್ವ ಉತ್ತರ ಕೊಟ್ಟಳು. "ಕುಚ್ಚು ಕತ್ತರಿಸಿದ ಸೀರಿ ಪ್ಯಾಟ್ಯಾಗ ಬೇಕಾದಷ್ಟು ಸಿಗತಾವ, ತಗೋರಿ. ನಮ್ಮ ಸೀರಿ ನೇಯ್ದಾಕಿ ಕೂಡೇ ಬರತಾವ. ಆಕಿನ್ನ ಮನ್ಯಾಗ ಬಿಟ್ಟು ಬರಾಂಗಿಲ್ಲ."

ವ್ಯಾಪಾರಿ ಏನೋ ಗೊಣಗುತ್ತ ಹೋದ. ತಾಯಿ ಮಗ ಒಬ್ಬರನ್ನೊಬ್ಬರು ನೋಡಲಿಲ್ಲ. ಫಕೀರೇಶ ಹೋಗಿ ಎಲ್ಲರಿಗೂ ಚಹಾ ತಂದ. ಅವನು ಕಪ್ಪು ಹಂಚುತ್ತಿರುವಾಗಲೇ ಹುಬ್ಬಳ್ಳಿಯಿಂದ ಫೋನು ಬಂತು. ಈಗ ಬೇಡವೆಂದು ಅವನು ಹೇಳಿದ. ಯಾಕೆಂದು ಆ ಕಡೆಯಿಂದ ಕೇಳಿದರು. ಅವನು ಫೋನನ್ನು ತಾಯಿಯ ಕೈಗೆ ಕೊಟ್ಟ.

"ಅಣ್ಣಾರ, ನಿಮ್ಮ ಮ್ಯಾಲೆ ಸಿಟ್ಟಿಲ್ರಿ," ಎಂದಳು ಶೇಖವ್ವ. "ಎಂಟು ಮಂದಿ ಕುಂಡ್ರೂವಂಥಾದ್ದು, ನಮ್ಮಂಥವರು ಕೊಳ್ಳೂವಂಥಾದ್ದು ಬಂದ ದಿನಾ ನಮ್ಮ ಓಣಿಗೆ ತರ್ರಿ. ಎಂಟೂ ಮಂದಿ ಹತ್ತಿ ಕುಂತು ನೋಡತೀವಿ. ಅಲ್ಲೀತನಕ ಈ ಗಾಡಿ ಎಲ್ಲೂ ಹೋಗಾಂಗಿಲ್ಲ, ನಾವೂ ಇಳ್ಯಾಂಗಿಲ್ಲ."

ಫೋನನ್ನು ಮಗನಿಗೆ ಹಿಂದಿರುಗಿಸಿ, ಕಾಯುತ್ತ ನಿಂತಿದ್ದ ಗಿರಾಕಿಯ ಮುಂದೆ ಅವಳು ಇನ್ನೊಂದು ಸೀರೆಯ ಮಡಿಕೆ ಬಿಚ್ಚಿದಳು.