ಗದ್ದಲ ಮಾಡದ ಒಕ್ಕಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಇಲ್ಲದ ಕಾಯಿಲೆಯನ್ನು ನಾನೇ ಹುಡುಕಿಕೊಂಡು ಹೋದೆ. ರಜೆಗೆ ಬೆಂಗಳೂರಿಗೆ ಹೋಗುವ ನಮ್ಮಂಥವರು ಚಟ್ನಿಪುಡಿ, ಹೊಸ ಕನ್ನಡಕಗಳ ಜೊತೆಗೆ ಪೂರ್ತಿ ಮೈಯ ತಪಾಸಣೆಯನ್ನೂ ಮಾಡಿಸಿಕೊಂಡೇ ವಿಮಾನ ಹತ್ತುವುದು. ವರದಿ ನಾನು ಲಂಡನ್ನಿನ ಹೇಸ್‌ಗೆ ಮರಳಿದ ಮೇಲೆ ಬಂತು. ಹೊಟ್ಟೆಯಲ್ಲಿ ಎಚ್. ಪೈಲೋರಿ ಎಂಬ ಬ್ಯಾಕ್ಟೀರಿಯಾ. ನನಗೋ ಉರಿಯಿಲ್ಲ, ನೋವಿಲ್ಲ, ತೇಗು ಕೂಡ ಸಭ್ಯವಾದದ್ದೇ.

ಹಿರಿಯರು ಹೊಟ್ಟೆಯಲ್ಲಿ ಜಠರಾಗ್ನಿಯಿದೆ ಎನ್ನುತ್ತಿದ್ದರು. ಆ ಅಗ್ನಿಯಲ್ಲೇ ಈ ಜೀವಿ, ಹೀಟರ್‌ಗೆ ಬೆನ್ನು ಕೊಟ್ಟು ಕೂತ ನನ್ನ ಹಾಗೆ, ಬೆಚ್ಚಗೆ ಕೂತಿದೆ. ಗದ್ದಲ ಮಾಡದ ಒಕ್ಕಲನ್ನು ಎಬ್ಬಿಸುವುದು ನ್ಯಾಯವೇ? ನಾನೂ ಬಾಡಿಗೆ ಮನೆಯವನೇ.

ಊರಿನ ಡಾಕ್ಟರಾಗಿದ್ದರೆ ತಲೆ ಎತ್ತದೆ, "ತಗೊಳ್ರೀ, ಊಟ ಆದ್ಮೇಲೆ" ಎಂದು ಮುಗಿಸುತ್ತಿದ್ದರು. ಇಲ್ಲಿನ ಜಿಪಿ, ಅಂದರೆ ನಮ್ಮ ಪಾಲಿನ ಕುಟುಂಬ ವೈದ್ಯರು, ಮಾತ್ರೆ ನುಂಗಿದರೆ ಬಾಯಿ ಕಹಿ, ಹೊಟ್ಟೆ ಕೆಡಬಹುದು, ಬಿಟ್ಟರೆ ಮುಂದೆಂದೋ ಹುಣ್ಣು, ಅಪರೂಪಕ್ಕೆ ಇನ್ನೂ ಕೆಟ್ಟದ್ದು ಎಂದೆಲ್ಲ ತೂಗಿ, ಕೊನೆಗೆ ಕತ್ತು ವಾಲಿಸಿ, ನಿಮಗೇನು ಅನಿಸುತ್ತದೆ ಎಂದು ನನ್ನನ್ನೇ ಕೇಳಿದರು. ನನಗೆ ಅನಿಸಿದ್ದು ಒಂದೇ: ಈ ಕತ್ತನ್ನು ಅಣಕಿಸಬೇಕು. ಅಂದಿನಿಂದ ಲಂಡನ್ನಿನದೇ ಕೆಂಟನ್‌ನ ಯಾವ ಕನ್ನಡಿಗರ ಮನೆಗೆ ಊಟಕ್ಕೆ ಹೋದರೂ ಜಿಪಿಯ ಕತ್ತು, ಊರಿನ ಡಾಕ್ಟರ ಗಂಟಲು, ನಡುವೆ ಬ್ಯಾಕ್ಟೀರಿಯಾದ ಕೀರಲು ದನಿ: "ಸ್ವಾಮೀ, ನಾನೇನ್ ಮಾಡ್ದೆ?" ಜನ ನಕ್ಕರು. ನಿರ್ಧಾರ ಮುಂದಕ್ಕೆ ಹೋಯಿತು.

ನಗದವರು ಮನೆಯಲ್ಲೇ ಇದ್ದರು: ಧಾರವಾಡದ ಹೆಂಡತಿ ವೀಣಾ, ಮೂರು ವರ್ಷದ ಮಗಳು ಅವನಿ. ಸಾರನ್ನ ಕಲಸಿ, ಖಾರವೇನೋ ಎಂದು ತುತ್ತಿನ ತುದಿಯನ್ನು ನನ್ನ ನಾಲಿಗೆಗೆ ಮುಟ್ಟಿಸಿ ಮಗಳ ಬಾಯಿಗಿಡುವುದು ನನ್ನ ಅಭ್ಯಾಸ. ಈ ಬ್ಯಾಕ್ಟೀರಿಯಾ ಎಂಜಲಿನಿಂದಲೂ ದಾಟಬಹುದು ಎಂದು ಜಿಪಿ ಹೇಳಿದ್ದೇ ತಡ, ವೀಣಾ ಕೈತುತ್ತು ನಿಲ್ಲಿಸಿ ನನಗೊಂದು ಚಮಚ ಹಿಡಿಸಿದಳು. ಎಂಜಲು ಎಂದರೆ ಮಾರು ದೂರ ಹಾರುತ್ತಿದ್ದ ಅಜ್ಜಿಯನ್ನು ಅಣಕಿಸಿಯೇ ಬೆಳೆದವನು ನಾನು. ಈಗ ವಿಜ್ಞಾನವೇ ಅಜ್ಜಿಯ ಪಕ್ಷ ಸೇರಿದೆ. ಅವನಿ ಮಾತ್ರ ಯಾವ ಪಕ್ಷಕ್ಕೂ ಸೇರದೆ ಬಾಯಿ ಬಿಗಿದು, "ಅಪ್ಪಾ, ನೋ ಸ್ಪೂನ್. ಹ್ಯಾಂಡ್!" ಎನ್ನುತ್ತಿದ್ದಳು. ಇದನ್ನು ಅಣಕಿಸಲು ನನಗೆ ಆಗಲಿಲ್ಲ.

ಮೊನ್ನೆ ಅವಳು ಹಾಗೆಯೇ ಮುಖ ತಿರುಗಿಸಿದಾಗ, ನಗಿಸೋಣವೆಂದು ಚಮಚವನ್ನೇ ಮೈಕು ಮಾಡಿಕೊಂಡು ಕತ್ತು ವಾಲಿಸಿದೆ: "ಲಕ್ಷಣಗಳೇ ಇಲ್ಲದವನಿಗೆ ಚಿಕಿತ್ಸೆ ಬೇಕೇ? ನಿಮಗೇನು ಅನಿಸುತ್ತೆ?"

ಈಗ ಬಾಯಿ ತುಂಬ ಮಾತ್ರೆಯ ಕಹಿ ಇಟ್ಟುಕೊಂಡು ನೆಮ್ಮದಿಯಾಗಿ ಇದನ್ನು ಬರೆಯುತ್ತಿದ್ದರೆ, ಅದಕ್ಕೆ ವೀಣಾ ಚಮಚ ಕಸಿದುಕೊಂಡು ಅಂದ ಮಾತೇ ಕಾರಣ:

"ಲಕ್ಷಣ ಇಲ್ಲ ಅಂದವರ್ಯಾರು? ವರದಿ ಬಂದಾಗಿಂದ ಬರೇ ಅದರ ಸುದ್ದೀನ ಮಾತಾಡಾಕತ್ತಿ, ಅದ ಲಕ್ಷಣ! ಗುಳಗಿ ನುಂಗು, ಕೂಸಿಗೆ ತುತ್ತು ಕೊಡು."