ಕಾವಲುಗಾರನ ಕೋಟು

ನಮ್ಮಕ್ಕ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹುಟ್ಟಿದವಳು ಎಂದು ನಾನು ಛೇಡಿಸುತ್ತಿರುತ್ತೇನೆ. ಸೂಜಿ ಕಚ್ಚಿಕೊಂಡೇ ಬೈಯುತ್ತಾಳೆ, ಸೂಜಿ ಕಚ್ಚಿಕೊಂಡೇ ನಗುತ್ತಾಳೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮಿಷನ್, ಬಟ್ಟೆ ಕತ್ತರಿಸುವ ಮೇಜು, ಕಾಲಿಟ್ಟಲ್ಲೆಲ್ಲ ಚಿಂದಿ. ಗುಂಡಿ, ಕಾಜಾ, ಅಂಚು ನನ್ನ ಪಾಲು, ಉಳಿದದ್ದೆಲ್ಲ ಅವಳದು. ಅಳತೆ ಅವಳು ಕೂಗುತ್ತಾಳೆ, ನಾನು ಬರೆದುಕೊಳ್ಳುತ್ತೇನೆ, ಹಿಂದುಮುಂದು ಬರೆದರೆ ಗಿರಾಕಿಯ ಮುಂದೆಯೇ ಬೈಸಿಕೊಳ್ಳುತ್ತೇನೆ. ಭಾವ ಲಾರಿ ಓಡಿಸುತ್ತಾರೆ. ಮನೆಗೆ ಬಂದರೆ ನೆಂಟರು ಬಂದ ಹಾಗೆ. ಒಬ್ಬಳೇ ಮಗಳು, ಪುಟ್ಟಿ. ಹೆಸರಿಗಷ್ಟೇ ಪುಟ್ಟಿ, ಈಗ ಅಕ್ಕನಿಗಿಂತ ಒಂದು ಗೇಣು ಎತ್ತರ.

ಪುಟ್ಟಿಗೆ ಮೊಬೈಲಿನಲ್ಲಿ ಒಂದು ಆಟದ ಹುಚ್ಚು. ಅದರೊಳಗೆ ದೊಡ್ಡದೊಂದು ನಾಡು: ಕಾಡು, ಹೊಳೆ, ಸಂತೆ, ಕೋಟೆ. ಎಲ್ಲಿ ಬೇಕಾದರೂ ಅಲೆಯಬಹುದು, ಗೆಳತಿಯರನ್ನು ಕಟ್ಟಿಕೊಂಡು ತಿರುಗಬಹುದು, ಹತ್ತಿರ ನಿಂತರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆ. ರಜೆಯಲ್ಲಿ ಜೊತೆ ಸಿಗದೆ ಅಮ್ಮನಿಗೇ ಕಲಿಸಿದಳು. ಅಕ್ಕನ ಕುದುರೆ ಕಂಡಕಂಡ ಮರಕ್ಕೆ ಗುದ್ದುತ್ತಿತ್ತು. ತಾಯಿ ಮಗಳು ಒಂದೇ ದಿಂಬಿಗೆ ತಲೆಯಿಟ್ಟು ನಗುವುದನ್ನು ಕೇಳಿ ನಾನು, "ಇಬ್ಬರಲ್ಲಿ ಮಗು ಯಾರು ಅಂತ ಸ್ವಲ್ಪ ಹೇಳ್ತೀರಾ?" ಎನ್ನುತ್ತಿದ್ದೆ. ಆಮೇಲೆ ಶಾಲೆ ಶುರುವಾಯಿತು, ಶಾಲೆಯ ಗೆಳತಿಯರು ಆಟಕ್ಕೆ ಬಂದರು. "ಅಮ್ಮ, ಇನ್ಮೇಲೆ ನೀನು ಬರ್ಬೇಡ. ಅವರೆಲ್ಲ ಇರ್ತಾರೆ" ಎಂದಳು ಪುಟ್ಟಿ. ಹಿಂದಿನ ಕೋಣೆಯ ಬಾಗಿಲು ಮುಚ್ಚಿತು.

"ವಯಸ್ಸಿಗೆ ಬಂದ ಹುಡುಗಿ, ಬಿಡು" ಎಂದಳು ಅಕ್ಕ. ಬಿಟ್ಟದ್ದು ಮಾತಿನಲ್ಲಿ ಮಾತ್ರ. ಕೆಲಸದ ನಡುವೆ ಬಿಡುವು ಸಿಕ್ಕರೆ ಅದೇ ನಾಡಿನಲ್ಲಿ ಒಬ್ಬಳೇ ಅಲೆಯುತ್ತಿದ್ದಳು.

ಒಂದು ಮಧ್ಯಾಹ್ನ, "ಬಾರೇ ಇಲ್ಲಿ, ಏನ್ ಸಿಕ್ತು ನೋಡು!" ಎಂದು ಕೂಗಿದಳು. ಕೋಟೆಯ ಹಿಂದೆ ಬಟ್ಟೆ ಒಗೆಯುವ ಅಂಗಳವೊಂದಿದೆಯಂತೆ. ಯಾರೂ ಅತ್ತ ತಲೆ ಹಾಕುವುದಿಲ್ಲ, ಎಲ್ಲರಿಗೂ ಕತ್ತಿ ಬೇಕು, ನಿಧಿ ಬೇಕು. ಇವಳು ದರ್ಜಿಯಲ್ಲವೇ, ಹಗ್ಗದ ಮೇಲೆ ಬಟ್ಟೆ ಕಂಡದ್ದೇ ತಡ, ಕುದುರೆ ಇಳಿದು ನೋಡಲು ಹೋಗಿದ್ದಾಳೆ. ಬುಟ್ಟಿಯ ಅಡಿಯಲ್ಲಿ ಕಾವಲುಗಾರನ ಕೋಟು, ಟೋಪಿ, ಬೂಟು. ಮೂರನ್ನೂ ತೊಟ್ಟರೆ ತಲೆಯ ಮೇಲೆ ತೇಲುವ ಹೆಸರು ಮಾಯವಾಗುತ್ತದೆ. ನೋಡಿದವರಿಗೆ ನೀವು ಕೋಟೆಯ ಕಾವಲುಗಾರ, ಅಷ್ಟೇ. ಓಡಬಾರದು, ಕತ್ತಿ ಎಳೆಯಬಾರದು. ಮೆಲ್ಲಗೆ ನಡೆದರೆ ಎಲ್ಲಿಗೆ ಬೇಕಾದರೂ ಹೋಗಬಹುದು.

"ಬೆನ್ನು ಎಳೀತಿಲ್ಲ, ತೋಳು ಗಿಡ್ಡ ಆಗಿಲ್ಲ. ಅಳತೆನೇ ತಗೊಳ್ದೆ ಹೇಗೇ ಹೊಲಿದ್ರು ಇದನ್ನ?" ಎಂದು ಅಕ್ಕ ಆ ಕೋಟನ್ನು ತಿರುಗಿಸಿ ತಿರುಗಿಸಿ ತೋರಿಸಿದಳು. ನಾನೂ ನಕ್ಕೆ. ಆ ಕೋಟಿನಿಂದ ಮುಂದೇನಾಗುತ್ತದೆಂದು ನನಗೇನು ಕನಸು ಬಿದ್ದಿತ್ತೇ?

ಆ ವಾರವೇ ಪುಟ್ಟಿಯ ಶಾಲೆಯಿಂದ ಕೆಲಸ ಬಂತು. ಬ್ಯಾಂಡ್ ತಂಡದ ಹುಡುಗಿಯರಿಗೆ ಹೊಸ ಕೋಟು, ಸೋಮವಾರ ಅಳತೆ. ಪುಟ್ಟಿಯೂ ಆ ತಂಡದಲ್ಲಿದ್ದಾಳೆ. ಅಕ್ಕ ಹಿರಿಹಿರಿ ಹಿಗ್ಗಿದಳು, ಹುಡುಗಿಯ ಮುಖ ಮಾತ್ರ ಇಳಿದುಹೋಯಿತು. "ಚಿಕ್ಕಮ್ಮ ಒಬ್ಳೇ ಹೋದ್ರೆ ಆಗಲ್ವಾ?" ಎಂದಳು. ಹೋದ ವರ್ಷ ಲಂಗದ ಅಳತೆಗೆ ಅಕ್ಕ ಶಾಲೆಗೆ ಹೋದ ದಿನ ಈ ಮಹರಾಯಗಿತ್ತಿಗೆ ಹೊಟ್ಟೆನೋವು ಬಂದಿತ್ತು. ನನಗೆ ಆಗಲೇ ವಾಸನೆ ಹೊಡೆದಿತ್ತು. ಅಕ್ಕನಿಗೆ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು.

"ಏನೋ ಮುಚ್ಚಿಡ್ತಿದಾಳೆ ಕಣೇ. ನಂಗೆ ಹೇಳಲ್ಲ. ಗೆಳತೀರ ಹತ್ರ ಹೇಳ್ಕೊಂಡಿರ್ತಾಳೆ" ಎಂದು ಅಕ್ಕ ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತಳು. ಆಟದಲ್ಲಿ ಕೋಟು ಏರಿಸಿದಳು.

"ಹೆತ್ತ ಮಗಳ ಹಿಂದೆ ಕಳ್ಳಬೆಕ್ಕಿನ ಥರ ಹೋಗ್ತೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

"ಆಗತ್ತೆ. ಆದ್ರೂ ಹೋಗ್ತೀನಿ."

ಕೋಟೆಯ ಬಾಗಿಲ ಬಳಿ ನಾಲ್ಕು ಹುಡುಗಿಯರು ಬೆಂಕಿ ಹಾಕಿಕೊಂಡು ಕೂತಿದ್ದರು. ತಲೆಯ ಮೇಲಿನ ಹೆಸರಿನಿಂದ ಪುಟ್ಟಿ ಯಾರೆಂದು ಗೊತ್ತಾಯಿತು; ಅವಳನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಅಕ್ಕನ ಕಾವಲುಗಾರ ಹೋಗಿ ಬಾಗಿಲ ಪಕ್ಕ ನೆಟ್ಟಗೆ ನಿಂತ. ಯಾರೂ ತಿರುಗಿಯೂ ನೋಡಲಿಲ್ಲ. ಮೊಬೈಲು ಮೇಜಿನ ಮೇಲಿತ್ತು, ಗುಂಡಿ ಹಾಕುತ್ತಿದ್ದ ನನಗೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ನಾಳೆ ಆ ಟೈಲರ್ ಆಂಟಿ ಬರ್ತಾರಂತೆ ಕಣ್ರೇ" ಎಂದಳು ಒಬ್ಬಳು.

"ಯಾರು, ಸೂಜಿ ಆಂಟಿನಾ?" ಇನ್ನೊಬ್ಬಳು. ಎಲ್ಲರೂ ನಕ್ಕರು. "ಕ್ಯಾಪ್ಟನ್, ಅವರ ಥರ ಮಾಡೇ! ಪಾಪ, ಇವಳು ಅವರ ಮುಖನೇ ನೋಡಿಲ್ಲ. ಇವಳಮ್ಮ ದೊಡ್ಡ ಆಫೀಸಲ್ಲಿ ಇರೋರು, ಇವಳಿಗ್ಯಾಕೆ ಟೈಲರ್ ಸಹವಾಸ. ಆದ್ರೂ ನಮ್ಮಿಂದ ಕಲಿತು ನಮಗಿಂತ ಚೆನ್ನಾಗಿ ಮಾಡ್ತಾಳೆ!"

"ಬೇಡ ಬಿಡ್ರೇ" ಎಂದಳು ಪುಟ್ಟಿ. ಅವರು ಬಿಡಲಿಲ್ಲ. ಆಗ ಮಾಡಿದಳು. ಹಲ್ಲು ಕಚ್ಚಿ, ತುಟಿಯ ಸಂದಿಯಿಂದ ಮಾತು ಬಿಟ್ಟು, ಥೇಟ್ ನಮ್ಮಕ್ಕ. "ಎದೆ ಮೂವತ್ತು, ಭುಜ ಹದಿನಾಲ್ಕು... ಹೊಟ್ಟೆ ಯಾಕಮ್ಮ ಒಳಗೆ ಎಳ್ಕೋತೀಯ, ನಾನೇನ್ ಕಿತ್ಕೊಂಡು ಹೋಗಲ್ಲ!"

ನಾನು ಗುಂಡಿಯ ಮೇಲೇ ಕಣ್ಣಿಟ್ಟೆ. ಅಕ್ಕನ ಕಡೆ ನೋಡಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅಕ್ಕನ ನಾಲಿಗೆಯೇ ಕೈಕೊಟ್ಟಿತು. ಇಷ್ಟು ವರ್ಷ ನನ್ನನ್ನು ತಿದ್ದಿ ತಿದ್ದಿ ಬಂದ ಚಾಳಿ, ತಡೆಯುವ ಮೊದಲೇ ಹೊರಬಿತ್ತು.

"ಮೊದಲು ಭುಜ ಕಣೇ, ಆಮೇಲೆ ಎದೆ."

ಮೈಕು ತೆರೆದೇ ಇತ್ತು.

"ಅಯ್ಯಯ್ಯೋ, ಕಾವಲುಗಾರ ಮಾತಾಡಿದ! ಹೆಂಗಸಿನ ಧ್ವನಿ ಕಣ್ರೇ! ಯಾರೋ ವೇಷ ಹಾಕ್ಕೊಂಡು ಬಂದಿದಾರೆ!" ಎಂದು ಹುಡುಗಿಯರು ಕಿರುಚಿಕೊಂಡರು. ಆಟದೊಳಗಿನ ಪುಟ್ಟಿಯ ಗೊಂಬೆ ಮಾತ್ರ ಕಾವಲುಗಾರನ ಕಡೆ ತಿರುಗಿ ನೋಡಿತು. ಸ್ವಲ್ಪ ಹೊತ್ತಷ್ಟೇ. ಆಮೇಲೆ ಅವಳ ಗೊಂಬೆ ಎದ್ದು, ಕತ್ತಿ ಎಳೆದು, ಕಾವಲುಗಾರನ ಎದುರಿಗೆ ಬಂದು ನಿಂತು ಒಂದೇ ಏಟು ಹಾಕಿತು. ಅಕ್ಕನ ಮೊಬೈಲಿನ ಪರದೆ ಕೆಂಪಾಯಿತು. "ಸೂಪರ್ ಕ್ಯಾಪ್ಟನ್!" ಎಂದರು ಯಾರೋ.

ಅಕ್ಕ ಮೊಬೈಲನ್ನು ಮಗುಚಿಟ್ಟಳು. "ಅವಳಿಗೆ ಗೊತ್ತಾಗ್ಲಿಲ್ಲ" ಎಂದಳು. "ಯಾರೋ ಅಂದ್ಕೊಂಡು ಹೊಡೆದ್ಲು. ಆಟ ಅಲ್ವಾ."

"ಗೊತ್ತಾಗ್ಲಿಲ್ವಾ? ಹೊಟ್ಟೇಲಿದ್ದಾಗಿಂದ ಕೇಳಿದ ಧ್ವನಿ! ಇರು, ಈಗ್ಲೇ ವಿಚಾರಿಸ್ತೀನಿ ಆ ಆಫೀಸರ್ ಮಗಳನ್ನ" ಎಂದು ಎದ್ದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಕೂತ್ಕೋ. ಕದ್ದು ಕೇಳಿದೋಳು ನಾನು. ಯಾವ ಮುಖ ಇಟ್ಕೊಂಡು ಕೇಳೋದು?"

ಆ ರಾತ್ರಿ ಮೂವರೂ ತಟ್ಟೆ ನೋಡಿಕೊಂಡು ಉಂಡೆವು. ಮಗಳು ಅಣಕಿಸಿದ್ದನ್ನು ಅಕ್ಕ ನುಂಗಿಕೊಂಡಳು. ಇಲ್ಲದ ಆಫೀಸನ್ನೂ ನುಂಗಿಕೊಂಡಳು; "ಮಕ್ಳು, ಏನೋ ಹೇಳ್ಕೋತಾರೆ" ಎಂದಳು. ಆ ಏಟೊಂದನ್ನು ನುಂಗಲಾಗಲಿಲ್ಲ. ಪಾತ್ರೆ ತೊಳೆಯುವಾಗ, ಹಾಸಿಗೆ ಹಾಸುವಾಗ ಮತ್ತೆ ಮತ್ತೆ ನನ್ನ ಹತ್ತಿರ ಬಂದು, "ಗೊತ್ತಾಗಿರಲ್ಲ ಅಲ್ವೇನೇ?" ಎಂದು ಕೇಳುತ್ತಿದ್ದಳು. ಗೊತ್ತಿದ್ದು ಹೊಡೆದದ್ದಲ್ಲ ಎಂದಾದರೆ ಅವಳಿಗೆ ಸಾಕಿತ್ತು. ಕೊನೆಗೆ, ಎಂದೂ ಸುಳ್ಳಿಗೆ ಹೆದರದ ನಾನು ಹೆದರಿಕೊಂಡೇ, "ಇಲ್ಲ ಕಣಕ್ಕ, ಗೊತ್ತಾಗಿರಲ್ಲ" ಎಂದೆ.

ಸೋಮವಾರ ಶಾಲೆಯ ಗೇಟಿನ ಹತ್ತಿರ ಅಕ್ಕ ನಿಂತು ಹೇಳಿದಳು, "ಅವಳ ಸರದಿ ಬಂದಾಗ ನೀನು ಬಾಯಿ ಬಿಡ್ಬೇಡ. ಇವತ್ತು ನಾವು ಅವಳಿಗೆ ಯಾರೂ ಅಲ್ಲ." ಬಾಯಲ್ಲಿ ಒಂದು ಸೂಜಿಯೂ ಇರಲಿಲ್ಲ, ಎಲ್ಲವನ್ನೂ ಡಬ್ಬಿಗೆ ಹಾಕಿ ಚೀಲದೊಳಗೆ ತುರುಕಿದ್ದಳು.

ಸಂಗೀತದ ಕೋಣೆ. ಮೂಲೆಯಲ್ಲಿ ಡ್ರಮ್ಮುಗಳು, ಗೋಡೆಯುದ್ದಕ್ಕೂ ಹುಡುಗಿಯರ ಸಾಲು. ಅಕ್ಕ ಒಬ್ಬೊಬ್ಬರ ಹೆಸರು ಕೇಳಿ, ಟೇಪು ಹಿಡಿದು, ಅಳತೆಯನ್ನು ನನ್ನ ಕಿವಿಗಷ್ಟೇ ಕೇಳುವ ಹಾಗೆ ಹೇಳುತ್ತಿದ್ದಳು. ಮುಖ ಎತ್ತುತ್ತಿರಲಿಲ್ಲ. ಹಿಂದಿನ ದಿನ ನಕ್ಕ ಧ್ವನಿಗಳು ಯಾರವು ಎಂದು ಸಾಲಿನಲ್ಲೇ ಗುರುತು ಸಿಕ್ಕಿತು ನನಗೆ. ಪುಟ್ಟಿ ಮುಂದೆ ಬಂದಳು, ಸುಣ್ಣದ ಗೋಡೆಯಂಥ ಮುಖ.

"ಹೆಸರೇನಮ್ಮ?" ಎಂದಳು ಅಕ್ಕ.

ನಾನೇ ಹೆಸರು ಹಿಡಿದು ಕರೆದು ಬೆಳೆಸಿದ ಹುಡುಗಿ. ನನ್ನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಪುಟ್ಟಿ ಮೂಲೆಯ ಡ್ರಮ್ಮುಗಳ ಮೇಲೆ ಕಣ್ಣು ನೆಟ್ಟಳು. ಹಿಂದೆ ನಿಂತಿದ್ದ ಹುಡುಗಿ ಸಹಾಯಕ್ಕೆ ಬಂದಳು. "ಇವಳು ನಮ್ಮ ಕ್ಯಾಪ್ಟನ್ ಆಂಟಿ, ಸ್ವಲ್ಪ ನಾಚಿಕೆ ಸ್ವಭಾವ. ಇವಳಮ್ಮ ದೊಡ್ಡ ಆಫೀಸರ್. ಚೆನ್ನಾಗಿ ಹೊಲೀಬೇಕು ಮತ್ತೆ!"

"ಹೌದಾ? ಪುಣ್ಯವಂತರು ಅವರಮ್ಮ" ಎಂದಳು ಅಕ್ಕ. ಚುಚ್ಚಿ ಆಡಿದ ಮಾತಲ್ಲ. ಮನಸಾರೆ ಹೇಳಿದಳು. ಅದಕ್ಕೇ ನನಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು.

ಟೇಪು ಪುಟ್ಟಿಯ ಮೈ ಮುಟ್ಟಿತು. "ಸಾಕಮ್ಮ" ಎಂದಳು ಅವಳು. ಆಮೇಲೆ ಗೆಳತಿಯರ ಕಡೆ ತಿರುಗದೆಯೇ, ಗಟ್ಟಿಯಾಗಿ: "ಇವರೇ ನಮ್ಮಮ್ಮ ಕಣ್ರೇ. ಆಫೀಸೂ ಇಲ್ಲ, ಏನೂ ಇಲ್ಲ. ನಾನ್ ಹೇಳಿದ್ದೆಲ್ಲ ಸುಳ್ಳು."

ಹಿಂದಿದ್ದ ಹುಡುಗಿಯ ಕಿವಿ ಕೆಂಪಾಯಿತು. ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದ್ದು ಅಕ್ಕ.

"ನಂದೂ ತಪ್ಪಿದೆ ಪುಟ್ಟಿ" ಎಂದಳು ಮೆಲ್ಲಗೆ. "ನಿನ್ನೆ ಕೋಟೆ ಬಾಗಿಲಲ್ಲಿ ನಿಂತಿದ್ದೋಳು ನಾನೇ. ನಿಂಗೇನ್ ಗೊತ್ತು ಪಾಪ, ಯಾರೋ ಅಂದ್ಕೊಂಡು..."

"ಗೊತ್ತಿತ್ತಮ್ಮ. ಗೊತ್ತಿದ್ದೇ ಹೊಡೆದೆ."

ಅಕ್ಕ ಟೇಪಿನ ಎರಡೂ ತುದಿ ಹಿಡಿದು ಹಾಗೇ ನಿಂತಳು. ಸಾಲಿನಲ್ಲಿ ಇನ್ನೂ ಹುಡುಗಿಯರಿದ್ದರು.

"ಮೊದಲು ಭುಜ. ಹಿಂದೆ ತಿರುಗಿ ನಿಲ್ಲು ಮಗಳೇ" ಎಂದಳು ಕೊನೆಗೆ. ಪುಟ್ಟಿ ತಿರುಗಿದಳು. ಈಗ ಅವರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನನಗೆ ಇಬ್ಬರದೂ ಕಾಣುತ್ತಿತ್ತು. ನಾನು ಕಣ್ಣು ತಗ್ಗಿಸಿ ಕಾಗದ ನೋಡಿದೆ.